ಮಗುವಿಗೆ ‘13 ಕಾಲೊನಿ’ ಪಾಠ ಹೇಳಿಕೊಡುವುದು ಹೇಗೆ? ಮಣ್ಣು, ನೀರು, ಚಳಿಯಿಂದ ಶುರುಮಾಡಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಂದ ಒಂದೇ ಪ್ರಶ್ನೆ. “ಮಗು ಐದನೇ ಕ್ಲಾಸ್. 13 ಕಾಲೊನಿ ಪಾಠ ಶುರುವಾಗಿದೆ. ನಾವು ಓದಿದ್ದು ಕದಂಬರು, ಚಾಲುಕ್ಯರು, ವಿಜಯನಗರ. ಇದನ್ನ ಹೇಗೆ ಹೇಳಿಕೊಡೋದು?” ಅದರ ಬೆನ್ನಿಗೇ ಇನ್ನೊಂದು: “ಸೈನ್ಸ್‌ನಲ್ಲಿ ಮಣ್ಣು, ಸವೆತ, ಹವಾಮಾನ ಅಂತ ಬಂದಿದೆ. ಎರಡಕ್ಕೂ ಟೈಮ್ ಎಲ್ಲಿದೆ?”

ಎರಡನ್ನೂ ಸೇರಿಸಿ ಹೇಳಿಕೊಡಿ ಅನ್ನುವುದೇ ನನ್ನ ಉತ್ತರ. 13 ಕಾಲೊನಿ ಅಂದರೆ ಅಮೆರಿಕ ಸ್ವತಂತ್ರ ಆಗುವ ಮೊದಲು ಅದರ ಪೂರ್ವ ಕರಾವಳಿಯಲ್ಲಿ ಬ್ರಿಟನ್ ಆಳುತ್ತಿದ್ದ ಹದಿಮೂರು ಪ್ರಾಂತ್ಯಗಳು. ಒಂದು ಕಾಲೊನಿಯಲ್ಲಿ ಮೀನು ಹಿಡಿದರು, ಇನ್ನೊಂದರಲ್ಲಿ ಗೋಧಿ ಬೆಳೆದರು, ಮತ್ತೊಂದರಲ್ಲಿ ಹೊಗೆಸೊಪ್ಪು. ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇತಿಹಾಸದಲ್ಲಿದೆ, ಇನ್ನರ್ಧ ಮಣ್ಣಿನಲ್ಲಿದೆ. ಮಣ್ಣು ಬಿಟ್ಟು ಬರೀ ಇಸವಿ, ಹೆಸರು ಉರು ಹೊಡೆಸಿದರೆ ಟೆಸ್ಟ್ ಮುಗಿದ ಮರುದಿನ ಏನೂ ಉಳಿಯುವುದಿಲ್ಲ.

ಬೇಕಾಗುವ ಸಾಮಾನು: ಅಮೆರಿಕದ ಪೂರ್ವ ಕರಾವಳಿಯ ಖಾಲಿ ಭೂಪಟ, ಮೂರು ಬಣ್ಣದ ಕ್ರೇಯಾನ್, ಎರಡು ಮೀಟರ್ ದಾರ, ಮುಚ್ಚಳ ಇರುವ ಒಂದು ಗಾಜಿನ ಬಾಟಲಿ, ಒಂದು ಹಿಡಿ ಹೆಸರುಕಾಳು, ಉಪ್ಪು. ವಾರಕ್ಕೆ ಎರಡು ಸಂಜೆಯಂತೆ ಒಂದು ತಿಂಗಳು ಸಾಕು.

1. ಮೊದಲು ಶಾಲೆಯಿಂದ ಬಂದ ಹಾಳೆ ಓದಿ

ಇದು ಸಾಮಾನ್ಯವಾಗಿ 4 ಅಥವಾ 5ನೇ ತರಗತಿಯ ಪಾಠ. ಆದರೆ ಪಠ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಂಗ್ಲಿಷರು ಮೊದಮೊದಲು ನೆಲೆಯೂರಿದ ಊರುಗಳ ಪೈಕಿ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್‌ಗೆ ಒತ್ತು ಜಾಸ್ತಿ, ಮ್ಯಾಸಚೂಸೆಟ್ಸ್‌ನಲ್ಲಿ ಪ್ಲಿಮತ್‌ಗೆ. ಟೀಚರ್ ಕಳಿಸಿದ ಹಾಳೆಯಲ್ಲಿ ಯಾವ ಪದಗಳಿಗೆ ಗೆರೆ ಎಳೆದಿದ್ದಾರೆ ನೋಡಿಕೊಳ್ಳಿ. ಅಷ್ಟನ್ನೇ ಗಟ್ಟಿ ಮಾಡಿ.

‘ಕಾಲೊನಿ’ ಪದವನ್ನೂ ಮೊದಲೇ ಬಿಡಿಸಿ ಹೇಳಿ. ನಮ್ಮ ಕಡೆ ಕಾಲೊನಿ ಅಂದರೆ ಬಡಾವಣೆ. ಊರಿನಿಂದ ಬಂದ ಅಜ್ಜಿಗೆ ಮೊಮ್ಮಗ “13 ಕಾಲೊನಿ” ಅಂದರೆ ಸೈಟು, ಮನೆ ಅಂದುಕೊಳ್ಳುತ್ತಾರೆ. ಇಲ್ಲಿ ಅದು ವಸಾಹತು. ದೂರದ ದೇಶವೊಂದು ತನ್ನ ಜನರನ್ನು ಕಳಿಸಿ, ಬೇರೆಯವರ ನೆಲದಲ್ಲಿ ನೆಲೆಯೂರಿಸಿ, ತಾನೇ ಆಳುವ ಜಾಗ. “ಬೇರೆಯವರ ನೆಲ” ಅನ್ನುವ ಮಾತು ಬಿಡಬೇಡಿ, ಮುಂದೆ ಬೇಕಾಗುತ್ತದೆ.

2. ಭೂಪಟಕ್ಕೆ ಮೂರು ಬಣ್ಣ ಹಚ್ಚಿಸಿ

ಹದಿಮೂರು ಹೆಸರನ್ನು ಒಂದೇ ಪಟ್ಟಿಯಾಗಿ ಕಲಿಸಬೇಡಿ, ಮೂರು ಗುಂಪು ಮಾಡಿ.

ನೀಲಿ, ಉತ್ತರದ ನ್ಯೂ ಇಂಗ್ಲೆಂಡ್: ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್, ರೋಡ್ ಐಲೆಂಡ್, ಕನೆಕ್ಟಿಕಟ್.

ಹಳದಿ, ನಡುವಿನವು: ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್.

ಹಸಿರು, ದಕ್ಷಿಣದವು: ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕ್ಯಾರೊಲಿನಾ, ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ.

ಎಚ್ಚರಿಕೆ: ಮಕ್ಕಳು ಇಂದಿನ ಭೂಪಟ ನೋಡಿ ಬಣ್ಣ ಹಚ್ಚಿ ಎಡವುವುದು ನಾಲ್ಕು ಕಡೆ. ಮೇನ್ ಆಗ ಮ್ಯಾಸಚೂಸೆಟ್ಸ್‌ನ ಭಾಗ. ವರ್ಮಾಂಟ್ ಹದಿಮೂರರಲ್ಲಿ ಇಲ್ಲ. ವೆಸ್ಟ್ ವರ್ಜೀನಿಯಾ ಬೇರೆಯಾದದ್ದು 1863 ರಲ್ಲಿ. ಫ್ಲಾರಿಡಾ ಹೆಚ್ಚು ಕಾಲ ಸ್ಪೇನಿನವರದು. ಅವರ ಸೇಂಟ್ ಆಗಸ್ಟೀನ್ ಊರು 1565 ರದು, ಅಂದರೆ ಜೇಮ್ಸ್‌ಟೌನ್‌ಗಿಂತ 42 ವರ್ಷ ಹಳೆಯದು. ಹಾಗಾಗಿ “ಮೊದಲ ಊರು” ಎಂದು ಬರೆಯಬಾರದು. ಜೇಮ್ಸ್‌ಟೌನ್ “ಇಂಗ್ಲಿಷರ ಮೊದಲ ಶಾಶ್ವತ ನೆಲೆ” ಎಂದೇ ಬರೆಯಿಸಿ. ‘ಇಂಗ್ಲಿಷರ’ ಮತ್ತು ‘ಶಾಶ್ವತ’ ಎರಡೂ ಪದ ಬೇಕು. ಯಾಕೆಂದರೆ ಅದಕ್ಕೂ ಮೊದಲು ಇಂಗ್ಲಿಷರು ರೋಅನೋಕ್ ದ್ವೀಪದಲ್ಲಿ ನೆಲೆಯೂರಲು ನೋಡಿದ್ದರು. 1590 ರಲ್ಲಿ ಮತ್ತೆ ಹಡಗು ಬಂದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಕಂಬದ ಮೇಲೆ ‘ಕ್ರೊಅಟೊಅನ್’ ಎಂಬ ಹತ್ತಿರದ ದ್ವೀಪದ ಹೆಸರು ಕೆತ್ತಿದ್ದು ಮಾತ್ರ ಉಳಿದಿತ್ತು.

3. ಆ ನೆಲ ಹೇಗಿತ್ತು ಅಂತ ಹೇಳಿ

ಈ ಹಂತಕ್ಕೆ ಎರಡು ಮೂರು ಸಂಜೆ ಕೊಡಿ. ಅವಸರ ಬೇಡ.

ಚಳಿಯಿಂದ ಶುರುಮಾಡಿ. ಗ್ಲೋಬ್ ಮೇಲೆ ಬಾಸ್ಟನ್‌ಗೆ ಬೆರಳಿಟ್ಟು ಅದೇ ಅಕ್ಷಾಂಶದಲ್ಲಿ ಪೂರ್ವಕ್ಕೆ ಎಳೆದುಕೊಂಡು ಹೋಗಲು ಹೇಳಿ. ಸುಮಾರು 42 ಡಿಗ್ರಿ. ಬೆರಳು ಇಟಲಿಯ ರೋಮ್ ಹತ್ತಿರ ಹೋಗಿ ನಿಲ್ಲುತ್ತದೆ. ಲಂಡನ್ ಇನ್ನೂ ಉತ್ತರಕ್ಕೆ, 51 ಡಿಗ್ರಿ ದಾಟಿ. ಹಾಗಾದರೆ ಬಾಸ್ಟನ್ ಲಂಡನ್‌ಗಿಂತ ಬೆಚ್ಚಗಿರಬೇಕಲ್ವಾ? ಬಂದ ಇಂಗ್ಲಿಷರೂ ಹಾಗೇ ಅಂದುಕೊಂಡಿದ್ದರು, ಕೆಟ್ಟರು. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಇಂಗ್ಲೆಂಡಿಗೆ ಬರುವ ಗಾಳಿ ಸಮುದ್ರ ದಾಟಿ ಬೆಚ್ಚಗೆ ಬರುತ್ತದೆ. ಬಾಸ್ಟನ್‌ಗೆ ಬರುವ ಗಾಳಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ದೊಡ್ಡ ಖಂಡವನ್ನು ದಾಟಿ ಬರುತ್ತದೆ. ಕಡಲು ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ; ನೆಲ ಎರಡೂ ಬೇಗ. ಮಂಗಳೂರಿಗೂ ಕಲಬುರಗಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು, ಅದನ್ನೇ ಹೇಳಿ.

ನಂತರ ಕಲ್ಲು. ಹಿಮಯುಗದಲ್ಲಿ ನ್ಯೂ ಇಂಗ್ಲೆಂಡ್ ಪೂರ್ತಿ ದಪ್ಪ ಹಿಮದ ಕೆಳಗಿತ್ತು. ಆ ಹಿಮನದಿ, ಅಂದರೆ ನಿಧಾನಕ್ಕೆ ಜಾರುವ ಮಂಜುಗಡ್ಡೆಯ ರಾಶಿ, ನೆಲವನ್ನು ಕೆರೆದು ಕಲ್ಲು ಹೊತ್ತು ತಂದು ಹರಡಿತು. ಕರಗಿದ ಮೇಲೆ ಉಳಿದದ್ದು ತೆಳು ಮಣ್ಣು, ತುಂಬ ಕಲ್ಲು. ಹೊಲದಿಂದ ಆರಿಸಿದ ಕಲ್ಲನ್ನು ಅಂಚಿಗೆ ಪೇರಿಸಿದ ಗೋಡೆಗಳು ಅಲ್ಲಿ ಈಗಲೂ ಕಾಡಿನ ನಡುವೆ ಸಿಗುತ್ತವೆ. ಬೇಸಾಯ ಮನೆಮಟ್ಟಿಗೆ ಆಯಿತು. ಜನ ‘ಕಾಡ್’ ಎಂಬ ಕಡಲಮೀನು ಹಿಡಿಯುವುದು, ಹಡಗು ಕಟ್ಟುವುದು, ಮರದ ವ್ಯಾಪಾರದ ಕಡೆ ತಿರುಗಿದರು. ಎತ್ತರದ ಬಿಳಿ ಪೈನ್ ಮರಗಳಿಗೆ ರಾಜನ ಕಡೆಯವರು ಬಾಣದ ಗುರುತು ಕೊಚ್ಚುತ್ತಿದ್ದರು. “ಇದು ನೌಕಾಪಡೆಯ ಹಾಯಿಕಂಬಕ್ಕೆ, ಮುಟ್ಟಬೇಡಿ” ಅಂತ.

ನಡುವಿನ ಕಾಲೊನಿಗಳಲ್ಲಿ ಮಣ್ಣು ಚೆನ್ನಾಗಿತ್ತು, ಬೆಳೆಗೆ ಸಿಗುವ ತಿಂಗಳೂ ಜಾಸ್ತಿ. ಗೋಧಿ ಬಂತು, ಅದಕ್ಕೇ ‘ಬ್ರೆಡ್ ಬಾಸ್ಕೆಟ್’ ಅನ್ನುವ ಹೆಸರು. ಮಗು ರೊಟ್ಟಿಬುಟ್ಟಿ ಎಂದು ನೆನಪಿಟ್ಟರೂ ಸರಿ.

ದಕ್ಷಿಣದಲ್ಲಿ ಬೇಸಿಗೆ ಉದ್ದ, ನೆಲ ಸಮತಟ್ಟು. ವರ್ಜೀನಿಯಾದಲ್ಲಿ ಜಾನ್ ರಾಲ್ಫ್ 1612ರ ಸುಮಾರಿಗೆ ಹೊಗೆಸೊಪ್ಪು ಬೆಳೆದು ತೋರಿಸಿದ. ದಕ್ಷಿಣ ಕ್ಯಾರೊಲಿನಾದ ಜೌಗು ನೆಲದಲ್ಲಿ ಭತ್ತದ ಗದ್ದೆ, 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬ ಎಳೆಯ ಹುಡುಗಿಯ ಪ್ರಯತ್ನದಿಂದ ನೀಲಿ ಗಿಡ, ಅಂದರೆ ಇಂಡಿಗೊ. ಬಟ್ಟೆಗೆ ಹಾಕುವ ಬಣ್ಣ ಅದು. ಹೊಗೆಸೊಪ್ಪು ಮಾತ್ರ ಮಣ್ಣನ್ನು ಹೀರಿಬಿಡುತ್ತದೆ. ಮೂರು ನಾಲ್ಕು ವರ್ಷಕ್ಕೆ ಹೊಲ ಬರಡಾಗಿ ಹೊಸ ನೆಲ ಬೇಕಾಗುತ್ತಿತ್ತು. ಹೊಸ ನೆಲ ಅಂದರೆ ಮೂಲನಿವಾಸಿಗಳ ನೆಲ. ಕೆಲಸಕ್ಕೆ ಇನ್ನಷ್ಟು ಆಳು ಬೇಕು, ಅಂದರೆ ಗುಲಾಮಗಿರಿ. ಒಂದು ಗಿಡದಿಂದ ಈ ಎರಡು ದುರಂತ ಹೇಗೆ ಬೆಳೆದವು ಎಂದು ಮಗು ತಾನೇ ಹೇಳುವಂತಾದರೆ ಈ ಪಾಠದ ಮುಕ್ಕಾಲು ಭಾಗ ಬಂದಂತೆಯೇ.

ಇನ್ನೊಂದು ಪದ ಹಾಳೆಯಲ್ಲಿ ಬಂದೇ ಬರುತ್ತದೆ: ‘ಫಾಲ್ ಲೈನ್’. ಇದು ಶರತ್ಕಾಲದ ‘ಫಾಲ್’ ಅಲ್ಲ! ಒಳನಾಡಿನ ಗಟ್ಟಿ ಬಂಡೆಯ ನೆಲ ಮುಗಿದು ಕರಾವಳಿಯ ಮೆದು ಮಣ್ಣು ಶುರುವಾಗುವ ಗಡಿ ಅದು. ಮೆದು ಮಣ್ಣು ಬೇಗ ಸವೆಯುತ್ತದೆ, ಬಂಡೆ ಸವೆಯುವುದಿಲ್ಲ. ಹಾಗಾಗಿ ನದಿ ಅಲ್ಲಿ ಧುಮುಕುತ್ತದೆ. ಸಮುದ್ರದಿಂದ ಬಂದ ದೋಣಿ ಮುಂದೆ ಹೋಗಲಾರದು, ಸರಕು ಇಳಿಸಬೇಕು. ಬೀಳುವ ನೀರಿನಿಂದ ಹಿಟ್ಟಿನ ಗಿರಣಿ ತಿರುಗಿಸಬಹುದು. ಆಮೇಲೆ ಅಲ್ಲೇ ಊರು. ಟ್ರೆಂಟನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ರಿಚ್ಮಂಡ್ ಎಲ್ಲವೂ ಈ ಗೆರೆಯ ಮೇಲೇ ಇವೆ. ಭೂಪಟದಲ್ಲಿ ನಾಲ್ಕು ಚುಕ್ಕಿ ಇಟ್ಟು ಸೇರಿಸಿ, ಗೆರೆ ತಾನಾಗಿ ಬರುತ್ತದೆ.

4. ಮೂರು ಪ್ರಯೋಗ ಮಾಡಿ

ಅ) ಜೇಮ್ಸ್‌ಟೌನ್ ನೀರು. 1607ರ ಮೇ ತಿಂಗಳಲ್ಲಿ 104 ಗಂಡಸರು ಮತ್ತು ಹುಡುಗರು ಜೇಮ್ಸ್ ನದಿಯ ದಡದಲ್ಲಿ ಇಳಿದರು. ಆರಿಸಿಕೊಂಡ ಜಾಗ ಶತ್ರು ಹಡಗು ಬಂದರೆ ಕಾಣುವಂಥದ್ದು, ಆದರೆ ನೀರು ಕೆಟ್ಟದು. ಉಬ್ಬರದ ಹೊತ್ತಿಗೆ ಸಮುದ್ರದ ಉಪ್ಪು ನದಿಯೊಳಗೆ ಬರುತ್ತಿತ್ತು. ಅದರ ಜೊತೆಗೆ ಬರಗಾಲ. ಆ ಪ್ರದೇಶದ ಹಳೆಯ ಸೈಪ್ರೆಸ್ ಮರಗಳ ಉಂಗುರ ಎಣಿಸಿದ ವಿಜ್ಞಾನಿಗಳು 1606 ರಿಂದ 1612 ರವರೆಗೆ ಅಲ್ಲಿ ಭೀಕರ ಬರ ಇತ್ತೆಂದು ಕಂಡುಕೊಂಡಿದ್ದಾರೆ. ಮರಕ್ಕೆ ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾದರೆ ಅಗಲ, ಇಲ್ಲದಿದ್ದರೆ ಕಿರಿದು. 1609–10ರ ಚಳಿಗಾಲ ಮುಗಿದಾಗ ಕೋಟೆಯೊಳಗೆ ಬದುಕಿದ್ದವರು ಸುಮಾರು 60 ಜನ. ಆ ಕಾಲಕ್ಕೆ ‘ಸ್ಟಾರ್ವಿಂಗ್ ಟೈಮ್’, ಹಸಿವಿನ ಕಾಲ ಎಂದು ಹೆಸರು.

ಪ್ರಯೋಗ ಹೀಗೆ. ಮೂರು ಲೋಟದಲ್ಲಿ 200 ಮಿ.ಲೀ. ನೀರು. ಒಂದಕ್ಕೆ ಉಪ್ಪು ಬೇಡ, ಎರಡನೆಯದಕ್ಕೆ ಕಾಲು ಟೀ ಚಮಚ, ಮೂರನೆಯದಕ್ಕೆ ಒಂದು ಚಮಚ. ಮೂರು ಬಟ್ಟೆ ತುಂಡು ಆಯಾ ನೀರಲ್ಲಿ ಅದ್ದಿ ಹತ್ತತ್ತು ಹೆಸರುಕಾಳು ಕಟ್ಟಿ. ಒಣಗಿದಾಗ ಅದೇ ಲೋಟದ ನೀರು ಚಿಮುಕಿಸಿ. ಮೂರನೇ ದಿನ ಬಿಚ್ಚಿ ಮೊಳಕೆ ಎಣಿಸಿ, ಉದ್ದ ಅಳೆಯಿರಿ. ಸಿಹಿನೀರಿನದು ಕೋಸಂಬರಿಗೆ ರೆಡಿ ಆಗಿರುತ್ತದೆ. ಜಾಸ್ತಿ ಉಪ್ಪಿನದು ಸುಮ್ನೆ ಊದಿಕೊಂಡು ಕೂತಿರುತ್ತದೆ. ತಪ್ಪುವುದು ಎಲ್ಲಿ ಗೊತ್ತಾ? ಮೂರೂ ಗಂಟನ್ನು ಒಂದೇ ತಟ್ಟೆಯಲ್ಲಿಟ್ಟು ನೀರು ಬೆರೆಸಿಬಿಡುವುದು. ಬೇರೆ ಬೇರೆ ಬಟ್ಟಲಲ್ಲಿಡಿ, ಚೀಟಿ ಅಂಟಿಸಿ.

ಆ) ಮಣ್ಣಿನ ಬಾಟಲಿ. ಮೂರನೇ ಒಂದು ಭಾಗ ಹಿತ್ತಲ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಕೆಳಗೆ ಮರಳು, ಮೇಲೆ ನುಣುಪು ಮಣ್ಣು, ಅದರ ಮೇಲೆ ಜೇಡಿ. ಭಾರದ ಕಣ ಮೊದಲು ಕೂರುತ್ತದೆ. ನದಿಯೂ ಹಾಗೇ ಮಾಡಿ ಕರಾವಳಿ ಕಟ್ಟಿತು ಎಂದು ಹೇಳಿ. ಅಂಗಡಿಯಿಂದ ತಂದ ಕುಂಡದ ಮಣ್ಣು ಬೇಡ, ಅದು ತೇಲುತ್ತದೆ.

ಇ) ಮೂವರು ಅಕ್ಕತಂಗಿಯರು. ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬೆಳೆಯುವ ಮೂಲನಿವಾಸಿಗಳ ಪದ್ಧತಿ ಇದು. ಉತ್ತರದ ಹೋಡೆನೊಶೋನಿ ಜನರಲ್ಲಿ ಹೆಸರುವಾಸಿ. ಜೋಳದ ದಂಟು ಬಳ್ಳಿಗೆ ಊರೆ. ಹುರುಳಿಕಾಯಿ ಬಳ್ಳಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತವೆ. ಕುಂಬಳದ ಅಗಲ ಎಲೆ ನೆಲಕ್ಕೆ ನೆರಳು, ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ. ನಮ್ಮ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲು ಇದೇ ಜಾಣತನ. ಊರಿಗೆ ವಿಡಿಯೊ ಕರೆ ಮಾಡಿ ತಾತನ ಹತ್ತಿರ ಕೇಳಿಸಿ. ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ಬಿತ್ತುವಾಗ ಜೋಳ ಮೊದಲು. ಅದು ಒಂದು ಗೇಣು ಎದ್ದ ಮೇಲೆ ಹುರುಳಿಕಾಯಿ, ಇನ್ನೊಂದು ವಾರಕ್ಕೆ ಕುಂಬಳ. ಮೂರನ್ನೂ ಒಂದೇ ದಿನ ಹಾಕಿದರೆ ಬಳ್ಳಿ ಜೋಳವನ್ನು ಎಳೆದು ಬೀಳಿಸುತ್ತದೆ. ಇದು ಬೇಸಿಗೆಗೆ. ಸೆಪ್ಟೆಂಬರಿನಲ್ಲಿ ಚಿತ್ರ ಬರೆಸಿದರೆ ಸಾಕು.

5. ದಾರದ ಮೇಲೆ ಇಸವಿ ಕಟ್ಟಿ

ವರ್ಷಕ್ಕೆ ಒಂದು ಸೆಂಟಿಮೀಟರ್. 1600 ರಿಂದ 1783 ರವರೆಗೆ 183 ಸೆಂ.ಮೀ., ಒಂದು ಆಳೆತ್ತರ. ಚೀಟಿಗಳು ಇಷ್ಟು ಸಾಕು:

1607 ಜೇಮ್ಸ್‌ಟೌನ್. 1619 ವರ್ಜೀನಿಯಾದಲ್ಲಿ ಮೊದಲ ಚುನಾಯಿತ ಸಭೆ, ಅದೇ ವರ್ಷ ಆಗಸ್ಟಿನಲ್ಲಿ ಸೆರೆಯಾಗಿ ಬಂದ ಆಫ್ರಿಕನ್ನರು. 1620 ಪ್ಲಿಮತ್ ಕಟ್ಟಿದವರನ್ನು ತಂದ ಮೇಫ್ಲವರ್ ಹಡಗು, 102 ಪ್ರಯಾಣಿಕರು. 1630 ಜಾನ್ ವಿಂಥ್ರಾಪ್ ಜೊತೆ ಪ್ಯೂರಿಟನ್ನರು (ಇವರು ಯಾರು ಅನ್ನುವುದು 6ನೇ ಹಂತದಲ್ಲಿದೆ). 1636 ರೋಜರ್ ವಿಲಿಯಮ್ಸ್ ಮ್ಯಾಸಚೂಸೆಟ್ಸ್ ಬಿಟ್ಟು ಹೊರಬಿದ್ದು ಕಟ್ಟಿದ ಪ್ರಾವಿಡೆನ್ಸ್. 1664 ಡಚ್ಚರ ನ್ಯೂ ಆಮ್‌ಸ್ಟರ್‌ಡಾಮ್ ನ್ಯೂಯಾರ್ಕ್ ಆದದ್ದು. 1681 ರಾಜನಿಂದ ವಿಲಿಯಂ ಪೆನ್‌ಗೆ ಪೆನ್ಸಿಲ್ವೇನಿಯಾ. 1733 ಜಾರ್ಜಿಯಾದ ಸವಾನಾ. 1773 ಬಾಸ್ಟನ್ ಟೀ ಪಾರ್ಟಿ. 1776 ಸ್ವಾತಂತ್ರ್ಯ ಘೋಷಣೆ.

ಮಕ್ಕಳ ತಲೆಯಲ್ಲಿ ಮೇಫ್ಲವರ್ ಜನ ಮತ್ತು ಜಾರ್ಜ್ ವಾಷಿಂಗ್ಟನ್ ಅಕ್ಕಪಕ್ಕದ ಮನೆಯವರು. ವಾಷಿಂಗ್ಟನ್ ಹುಟ್ಟಿದ್ದು 1732 ರಲ್ಲಿ. ದಾರದ ಮೇಲೆ 112 ಸೆಂ.ಮೀ. ದೂರ ನೋಡಿದರೆ ಮತ್ತೆ ಆ ತಪ್ಪು ಮಾಡುವುದಿಲ್ಲ.

ನಿಮ್ಮ ಅನುಕೂಲಕ್ಕೆ ಬೇರೆ ಬಣ್ಣದಲ್ಲಿ ನಮ್ಮ ಕಡೆಯದನ್ನೂ ಕಟ್ಟಿಕೊಳ್ಳಿ. ಜೇಮ್ಸ್‌ಟೌನ್ ಹಸಿವಿನಲ್ಲಿ ನರಳಿದ 1610 ರಲ್ಲೇ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ಅಲ್ಲಿ ದಸರಾ ಶುರುಮಾಡಿದ್ದು. ಪೆನ್ ಕಾಲದಲ್ಲಿ ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರು. ಇದು ಟೆಸ್ಟಿಗೆ ಬರುವುದಿಲ್ಲ, ಆದರೆ ನಿಮಗೆ ಕಾಲದ ಅಂದಾಜು ಸಿಗುತ್ತದೆ.

ಒಂದು ಗೊಂದಲ: ಒಂದೇ ಘಟನೆಗೆ ಎರಡು ಪುಸ್ತಕದಲ್ಲಿ ಎರಡು ತಾರೀಖು ಇದ್ದರೆ ಬೆಚ್ಚಬೇಡಿ. ಬ್ರಿಟನ್ ಮತ್ತು ಅದರ ಕಾಲೊನಿಗಳು 1752 ರಲ್ಲಿ ಕ್ಯಾಲೆಂಡರ್ ಬದಲಿಸಿದವು. ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಟೀಚರ್ ಕೊಟ್ಟ ತಾರೀಖನ್ನೇ ಬರೆಯಿಸಿ.

6. ಜನರ ಬಗ್ಗೆ ಹೇಳುವಾಗ ಪದ ನೋಡಿಕೊಂಡು ಬಳಸಿ

‘ಇಂಡಿಯನ್’: ಹಳೆಯ ಪುಸ್ತಕಗಳಲ್ಲಿ ಮೂಲನಿವಾಸಿಗಳಿಗೆ ಈ ಪದ. “ಅಮ್ಮಾ, ಅವರು ನಾವೇನಾ?” ಅಂತ ಮಗು ಕೇಳೇ ಕೇಳುತ್ತದೆ. ಇಂಡಿಯಾದ ಕಡೆಯ ದ್ವೀಪಗಳಿಗೆ ಬಂದೆ ಅಂದುಕೊಂಡ ಕೊಲಂಬಸ್ ಇಟ್ಟ ತಪ್ಪು ಹೆಸರು ಎಂದು ಒಂದೇ ಮಾತಿನಲ್ಲಿ ಹೇಳಿ. ಸಾಧ್ಯವಾದ ಕಡೆ ಆ ಜನರ ಹೆಸರನ್ನೇ ಬಳಸಿ. ಜೇಮ್ಸ್‌ಟೌನ್ ಬಳಿ ಪೌಹಾಟನ್, ಪ್ಲಿಮತ್ ಬಳಿ ವಾಂಪನೋಗ್.

‘ಪಿಲ್ಗ್ರಿಂ’ ಮತ್ತು ‘ಪ್ಯೂರಿಟನ್’ ಒಂದೇ ಅಲ್ಲ. ಇಂಗ್ಲೆಂಡಿನ ಚರ್ಚನ್ನು ಬಿಟ್ಟೇ ಬಂದವರು ಪ್ಲಿಮತ್‌ನ ಪಿಲ್ಗ್ರಿಮರು. ಒಳಗಿದ್ದೇ ಸರಿಮಾಡುತ್ತೇವೆ ಅಂದವರು ಬಾಸ್ಟನ್ ಕಡೆಯ ಪ್ಯೂರಿಟನ್ನರು.

‘ಇಂಡೆಂಚರ್ಡ್ ಸರ್ವೆಂಟ್’: ಇದಕ್ಕೆ ಕನ್ನಡದಲ್ಲಿ ‘ಜೀತ’ ಅನ್ನುವ ಪದ ಬಾಯಿಗೆ ಬರುತ್ತದೆ. ಗುಲಾಮರಿಗೂ ಅದೇ ಪದ ಬಳಸಿದಿರೋ, ಮಗು ಎರಡನ್ನೂ ಕಲಸಿಬಿಡುತ್ತದೆ. ನಾನು ಇದೇ ತಪ್ಪು ಮಾಡಿದ್ದೆ. ಇಂಡೆಂಚರ್ ಅಂದರೆ ಹಡಗಿನ ಖರ್ಚಿಗೆ ಪ್ರತಿಯಾಗಿ ಸಾಮಾನ್ಯವಾಗಿ 4 ರಿಂದ 7 ವರ್ಷ ದುಡಿಯುವ ಕರಾರು. ಅವಧಿ ಮುಗಿದರೆ ಬಿಡುಗಡೆ. ಗುಲಾಮಗಿರಿಗೆ ಕರಾರೂ ಇಲ್ಲ, ಕೊನೆಯೂ ಇಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662 ರಲ್ಲಿ ಕಾನೂನು ಮಾಡಿತು. ಮೊದಲನೆಯದನ್ನು ‘ಕರಾರಿನ ಆಳು’ ಎಂದುಬಿಡಿ.

ಥ್ಯಾಂಕ್ಸ್‌ಗಿವಿಂಗ್: 1621ರ ಸುಗ್ಗಿಯೂಟ ಮೂರು ದಿನ ನಡೆಯಿತು, ಸುಮಾರು 90 ವಾಂಪನೋಗ್ ಗಂಡಸರು ಬಂದಿದ್ದರು. ಅದು ನಿಜ. ಆದರೆ ಅದಕ್ಕೆ ಕೆಲವೇ ವರ್ಷ ಮುಂಚೆ, 1616 ರಿಂದ 1619ರ ನಡುವೆ, ಯುರೋಪಿನಿಂದ ಬಂದ ರೋಗದಿಂದ ಆ ಕರಾವಳಿಯ ಹಳ್ಳಿಗಳು ಖಾಲಿಯಾಗಿದ್ದವು. ಪ್ಲಿಮತ್ ಎದ್ದದ್ದೇ ಅಂಥ ಒಂದು ಹಳ್ಳಿಯ ಮೇಲೆ, ಪಟುಕ್ಸೆಟ್. ಪಿಲ್ಗ್ರಿಮರಿಗೆ ಜೋಳ ಬಿತ್ತುವುದು ಕಲಿಸಿದ ಟಿಸ್ಕ್ವಾಂಟಮ್, ಅಂದರೆ ಪಾಠದ ‘ಸ್ಕ್ವಾಂಟೊ’, ಆ ಹಳ್ಳಿಯವನೇ. ಹತ್ತು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ, ಮುಚ್ಚಿಡಬೇಡಿ.

7. ನಮ್ಮವರು ಹೆಚ್ಚಾಗಿ ಹೇಳುವ ಎರಡು ತಪ್ಪು

ಒಂದು, ಬಾಸ್ಟನ್ ಟೀ. 1773ರ ಡಿಸೆಂಬರ್ 16 ರಂದು ತೆರಿಗೆಗೆ ಸಿಟ್ಟಾದ ಬಾಸ್ಟನ್ ಜನ ಬಂದರಿನ ನೀರಿಗೆ ಎಸೆದದ್ದು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ. ಕಂಪನಿಯ ಹೆಸರು ಕೇಳಿ “ಅದು ನಮ್ಮ ಅಸ್ಸಾಂ ಟೀ” ಎಂದು ನಾನೂ ಮಗಳಿಗೆ ಹೆಮ್ಮೆಯಿಂದ ಹೇಳಿದ್ದೆ. ಅವಳು ಅದನ್ನೇ ಬರೆದು ಒಂದು ಮಾರ್ಕು ಹೋಯಿತು. ಅದು ಚೀನಾದ ಚಹಾ. ಅಸ್ಸಾಮಿನ ತೋಟಗಳು ಶುರುವಾದದ್ದು 1830ರ ದಶಕದಲ್ಲಿ.

ಎರಡು, ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟಕ್ಕೆ ಸಿಡಿಲು ಬಡಿಯಿತು ಅನ್ನುವುದು. 1752ರ ಆ ಪ್ರಯೋಗದಲ್ಲಿ ಸಿಡಿಲು ಬಡಿದಿದ್ದರೆ ಅವನು ಉಳಿಯುತ್ತಿರಲಿಲ್ಲ. ಮೋಡದಲ್ಲಿದ್ದ ವಿದ್ಯುತ್ತು ಒದ್ದೆ ದಾರದಲ್ಲಿ ಇಳಿದು ಕೀಲಿಕೈಯಿಂದ ಕಿಡಿ ಬಂತು, ಅಷ್ಟೆ. ಮಕ್ಕಳು ಇದನ್ನು ಮಾಡಿ ನೋಡಬಾರದು ಎಂದು ಗಟ್ಟಿಯಾಗಿ ಹೇಳಿ. ನನಗಂತೂ ಫ್ರಾಂಕ್ಲಿನ್‌ನ ಇನ್ನೊಂದು ಕೆಲಸ ಹೆಚ್ಚು ಇಷ್ಟ. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬರುವ ಟಪಾಲು ಹಡಗುಗಳು ಸರಕಿನ ಹಡಗಿಗಿಂತ ಎರಡು ವಾರ ತಡ ಯಾಕೆ ಎಂಬ ದೂರು ಕಾಲೊನಿಗಳ ಟಪಾಲು ನೋಡಿಕೊಳ್ಳುತ್ತಿದ್ದ ಅವನ ಹತ್ತಿರ ಬಂತು. ಅವನು ತಿಮಿಂಗಿಲ ಬೇಟೆಯ ಊರಾದ ನಾಂಟಕೆಟ್‌ನ ನಾವಿಕ ನೆಂಟ ತಿಮೊಥಿ ಫೋಲ್ಜರ್‌ನನ್ನು ಕೇಳಿದ. ಬೇಟೆಗಾರರಿಗೆ ಗೊತ್ತಿತ್ತು, ಸಮುದ್ರದೊಳಗೆ ಬೆಚ್ಚನೆಯ ನೀರಿನ ಹೊಳೆಯೇ ಎದುರು ಹರಿಯುತ್ತದೆ ಅಂತ. ಗಲ್ಫ್ ಸ್ಟ್ರೀಮ್‌ನ ನಕ್ಷೆ ಬಂದದ್ದು ಹಾಗೆ.

8. ಪ್ರಾಜೆಕ್ಟ್ ವಿಷಯ ಬೇಕಾದರೆ

ಎಲ್ಲರೂ ಮೇಫ್ಲವರ್ ಮಾದರಿ ಮಾಡುತ್ತಾರೆ. ನಿಮ್ಮ ಮಗುವಿಗೆ ಬೇರೆ ಏನಾದರೂ ಬೇಕಿದ್ದರೆ ಮೈಸೂರಿನ ಕೊಂಡಿ ಹಿಡಿಯಿರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19 ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೈನ್ಯದ ಸೇನಾಪತಿ ಕಾರ್ನ್‌ವಾಲಿಸ್. ಅವನೇ ಮುಂದೆ ಗವರ್ನರ್ ಜನರಲ್ ಆಗಿ ಬಂದು 1792 ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದದ್ದು.

ಇನ್ನೂ ಒಳ್ಳೆಯದೊಂದಿದೆ. ಇಂಗ್ಲಿಷರ ವಿರುದ್ಧ ಕಾದಾಡುತ್ತಿದ್ದ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ ಇಟ್ಟಿದ್ದರು. 1782ರ ಏಪ್ರಿಲ್ 8 ರಂದು ಜೋಶುವಾ ಬಾರ್ನಿ ಆ ನೌಕೆಯಲ್ಲಿ ಹೋಗಿ ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಸೆರೆಹಿಡಿದ. ಹುಡುಕುವಾಗ ಬರೀ ಹೈದರಾಲಿ ಎಂದು ಟೈಪ್ ಮಾಡಿದರೆ ನಮ್ಮ ಹೈದರಾಲಿಯೇ ಸಿಗುತ್ತಾನೆ, ಹಡಗು ಸಿಗುವುದಿಲ್ಲ. ಹಡಗಿನ ಸ್ಪೆಲ್ಲಿಂಗ್‌ನಲ್ಲಿ ‘ಆಲಿ’ ಅನ್ನುವುದು ಎ, ಎಲ್, ಎಲ್, ವೈ. ಜೊತೆಗೆ ಡೆಲವೇರ್ ಕೊಲ್ಲಿ, 1782 ಎಂದು ಸೇರಿಸಿ.